2⁶⁷ − 1: ಇಪ್ಪತ್ತೊಂದು ಅಂಕಿಯ ಸಂಖ್ಯೆಯೊಂದನ್ನು ಬಿಚ್ಚಿ ಜೋಡಿಸಿದ ಲೆಕ್ಕ

ಕೆಲಸಕ್ಕೆ ಎತ್ತಿಕೊಂಡ ಸಂಖ್ಯೆ 147573952589676412927. ನಮ್ಮ ಲಕ್ಷ-ಕೋಟಿ ಕ್ರಮದಲ್ಲಿ ಅಲ್ಪವಿರಾಮ ಹಾಕಿದರೆ 14,75,73,95,25,89,67,64,12,927. ಬೈನರಿಯಲ್ಲಿ ಬರೆದರೆ ಬರೀ ಒಂದುಗಳು, ಸಾಲಾಗಿ 67. ಚದುರಂಗದ ಹಾಸಿನ ಮೇಲೆ ಮನೆಯಿಂದ ಮನೆಗೆ ಎರಡರಷ್ಟು ಕಾಳು ಇಡುತ್ತಾ ಹೋಗುವ ಕಥೆ ಎಲ್ಲರಿಗೂ ಗೊತ್ತು. 64 ಮನೆ ತುಂಬಿದಾಗ ಅಲ್ಲಿ 18446744073709551615 ಕಾಳು ಇರುತ್ತವೆ. ಹಾಸಿಗೆ ಇನ್ನೂ ಮೂರು ಮನೆ ಇದ್ದಿದ್ದರೆ ಸಿಗುತ್ತಿದ್ದದ್ದೇ ನಮ್ಮ ಸಂಖ್ಯೆ: ಆ ಮೊತ್ತದ ಎಂಟರಷ್ಟು, ಮೇಲೆ ಏಳು.

1644ರಲ್ಲಿ ಫ್ರಾನ್ಸಿನ ಪಾದ್ರಿ ಮೆರ್ಸೆನ್ ಒಂದು ಪಟ್ಟಿ ಕೊಟ್ಟ. 2ರ ಘಾತದಿಂದ 1 ಕಳೆದಾಗ ಅವಿಭಾಜ್ಯ ಸಂಖ್ಯೆ ಬರುವ ಘಾತಗಳು, 257ರವರೆಗೆ: 2, 3, 5, 7, 13, 17, 19, 31, 67, 127, 257. ಅದರಲ್ಲಿ 67 ಮತ್ತು 257 ತಪ್ಪು; 61, 89, 107 ಬಿಟ್ಟುಹೋಗಿವೆ. 67ರ ತಪ್ಪನ್ನು 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲ್ಯೂಕಾ ತೋರಿಸಿದ, ಆದರೆ ಒಂದೇ ಒಂದು ಅಪವರ್ತನವನ್ನೂ ಹೇಳದೆ. ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿ ಸಭೆಯಲ್ಲಿ ಮಂಡಿಸಿದ. ಇಲ್ಲಿ ಮಾಡುವುದು ಅದೇ ಕೆಲಸ: ಸಂಖ್ಯೆ ಸಂಯುಕ್ತ ಎಂದು ತೋರಿಸುವುದು, ಒಡೆಯುವುದು, ಚೂರುಗಳು ಇನ್ನು ಒಡೆಯವು ಎಂದು ಖಾತ್ರಿ ಮಾಡಿಕೊಳ್ಳುವುದು, ಕೊನೆಗೆ ಪೆನ್ನು ಹಿಡಿದು ಗುಣಿಸಿ ತಾಳೆ ನೋಡುವುದು.

ಬೇಕಾದ ಸಾಮಾನು: ಯಾವುದಾದರೂ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಪೈಥಾನ್ 3, ಮತ್ತೆ ಶಾಲಾ ಮಕ್ಕಳ ಚೌಕುಳಿ ಪುಸ್ತಕದ ಎರಡು ಹಾಳೆ. ಚೌಕುಳಿ ಹಾಳೆಯೇ ಬೇಕು. ಗೆರೆ ಹಾಳೆಯಲ್ಲಿ 21 ಅಂಕಿ ಬರೆದರೆ ಮನೆ ತಪ್ಪುತ್ತದೆ.

ಸಂಖ್ಯೆಯನ್ನು ಸರಿಯಾಗಿ ಬರೆಸುವುದು

ಮೊದಲ ಎಡವಟ್ಟು ಇಲ್ಲೇ. ಪೈಥಾನ್‌ನಲ್ಲಿ ಘಾತಕ್ಕೆ ಎರಡು ನಕ್ಷತ್ರ ಹಾಕಬೇಕು: 2**67 - 1. ಅಭ್ಯಾಸಬಲದಿಂದ 2^67-1 ಎಂದು ಬರೆದರೆ ಯಾವ ದೂರೂ ಇಲ್ಲದೆ 64 ಎಂಬ ಉತ್ತರ ಬರುತ್ತದೆ. ಆ ಟೋಪಿ ಚಿಹ್ನೆ ಅಲ್ಲಿ ಘಾತವಲ್ಲ, ಬಿಟ್‌ಗಳನ್ನು ಹೋಲಿಸುವ ಎಕ್ಸ್‌ಆರ್ ಕ್ರಿಯೆ. ಕಳೆಯುವುದು ಅದಕ್ಕಿಂತ ಮೊದಲು ನಡೆದು 66 ಆಗುತ್ತದೆ, 2 ಮತ್ತು 66ರ ಎಕ್ಸ್‌ಆರ್ 64.

ಎಕ್ಸೆಲ್‌ಗೆ ಕೊಟ್ಟರೆ 147573952589676000000 ಎಂದು ತೋರಿಸುತ್ತದೆ, ಅದಕ್ಕೆ 15 ಅಂಕಿಯ ಆಚೆಗೆ ಸೊನ್ನೆಯೇ ಗತಿ. ಬ್ರೌಸರ್‌ನ ಕನ್ಸೋಲ್‌ನಲ್ಲಿ ಜಾವಾಸ್ಕ್ರಿಪ್ಟ್ 147573952589676410000 ಎನ್ನುತ್ತದೆ, 1 ಕಳೆದರೂ ಅಷ್ಟೇ, ಕಳೆಯದಿದ್ದರೂ ಅಷ್ಟೇ. ಪೈಥಾನ್ ಒಳಗೂ ಈ ದಶಾಂಶದ ಭೂತ ಅಡಗಿದೆ. ಒಂದೇ ಓರೆಗೆರೆಯಿಂದ ಭಾಗಿಸಿದರೆ 2⁶⁷ − 1ಕ್ಕೂ 2⁶⁷ಕ್ಕೂ ಒಂದೇ ಉತ್ತರ ಬರುತ್ತದೆ: 193707721ರಿಂದ ಎರಡನ್ನೂ ಭಾಗಿಸಿ ನೋಡಿ, ಎರಡು ಕಡೆಯೂ 761838257287.0. 2⁶⁷ಕ್ಕೆ 1 ಬಿಟ್ಟರೆ ಬೆಸ ಅಪವರ್ತನವೇ ಇಲ್ಲ ಎಂದು ಗೊತ್ತಿದ್ದೂ ಯಂತ್ರ ಹಾಗೆ ಹೇಳುತ್ತದೆ. ಹಾಗಾಗಿ ಭಾಗಲಬ್ಧಕ್ಕೆ ಜೋಡಿ ಓರೆಗೆರೆ, ಶೇಷಕ್ಕೆ ಶೇಕಡಾ ಚಿಹ್ನೆ. ಇದರಲ್ಲಿ ರಾಜಿ ಬೇಡ.

ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಪೈಥಾನ್ 3 ‘ಕ’, ‘ಶೇಷ’, ‘ಘಾತ’ ಎಲ್ಲವನ್ನೂ ಒಪ್ಪುತ್ತದೆ. ಒಂದು ಎಚ್ಚರ: ಒತ್ತಕ್ಷರ ತಪ್ಪಿಸಲು ಕೀಬೋರ್ಡ್ ನಡುವೆ ಸೇರಿಸುವ ಕಣ್ಣಿಗೆ ಕಾಣದ ಝೀರೋ ವಿಡ್ತ್ ಅಕ್ಷರ ಹೆಸರಿನೊಳಗೆ ಬಂದರೆ ಪೈಥಾನ್ 3.10 ಅದನ್ನು ತಪ್ಪೆಂದು ನಿಲ್ಲಿಸುತ್ತದೆ. ಸಾಲಿನಲ್ಲಿ ತಪ್ಪೇ ಕಾಣುವುದಿಲ್ಲ, ತಲೆ ಕೆಡುವುದು ಮಾತ್ರ ಖಂಡಿತ. ಹೆಸರು ಚಿಕ್ಕದಿರಲಿ.

ಒಡೆಯುವ ಮುಂಚೆ: ಒಡೆಯುತ್ತದೆಯೇ?

ಲ್ಯೂಕಾ-ಲೇಮರ್ ಪರೀಕ್ಷೆ ಬರೆಯಲು ನಾಲ್ಕು ಸಾಲು ಸಾಕು. 4ರಿಂದ ಶುರು. ಪ್ರತಿ ಸಲ ವರ್ಗ ಮಾಡಿ, 2 ಕಳೆದು, 2ರ ಘಾತದಿಂದ 1 ಕಳೆದ ಆ ಸಂಖ್ಯೆಯಿಂದ ಭಾಗಿಸಿದ ಶೇಷ ಇಟ್ಟುಕೊಳ್ಳುವುದು. ಘಾತಕ್ಕಿಂತ ಎರಡು ಕಮ್ಮಿ ಸಲ ಮಾಡಿದ ಮೇಲೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಸಂಯುಕ್ತ. 67ಕ್ಕೆ 65 ಸಲ. ಮೊದಲ ಹೆಜ್ಜೆಗಳು 4, 14, 194, 37634, 1416317954, 2005956546822746114. ಇಲ್ಲಿಯವರೆಗೆ ಶೇಷ ತೆಗೆಯುವ ಪ್ರಸಂಗವೇ ಬರುವುದಿಲ್ಲ, ಕೊನೆಯದಕ್ಕೂ 19 ಅಂಕಿ ಮಾತ್ರ. ನಿಜವಾದ ಕೆಲಸ ಶುರುವಾಗುವುದು ಆರನೆಯ ವರ್ಗದಿಂದ.

ಈ ಪರೀಕ್ಷೆಯಲ್ಲಿ ಸುಲಭವಾಗಿ ಆಗುವ ತಪ್ಪು ಸುತ್ತಿನ ಎಣಿಕೆ. 65ರ ಬದಲು 66 ಸಲ ಓಡಿಸಿದರೂ 67ಕ್ಕೆ ಸೊನ್ನೆಯಲ್ಲದ ಏನೋ ಬರುತ್ತದೆ, ‘ಸಂಯುಕ್ತ’ ಎಂಬ ಸರಿ ಉತ್ತರವೇ ಸಿಕ್ಕಂತೆ ಕಾಣುತ್ತದೆ. ಕೆಟ್ಟ ಯಂತ್ರವೂ ಸರಿ ಉತ್ತರ ಕೊಡುವ ಜಾಗ ಇದು. ಆದ್ದರಿಂದ ಮೊದಲು ಸೊನ್ನೆ ಬರಲೇಬೇಕಾದ ಕಡೆ ಓಡಿಸಿ. ಘಾತ 5: 4, 14, 194ರ ಶೇಷ 8, ಆಮೇಲೆ 62ರ ಶೇಷ 0. ಘಾತ 11: ಒಂಬತ್ತು ಸುತ್ತಿನ ಕೊನೆಗೆ 1736 ಬರಬೇಕು, ಬೇರೇನು ಬಂದರೂ ಎಣಿಕೆ ತಪ್ಪಿದೆ. ಘಾತ 61: 59 ಸುತ್ತಿನ ಮೇಲೆ ಸೊನ್ನೆ. ಮೂರೂ ಸರಿಹೋದರೆ 67 ಹಾಕಿ.

ಪೈಥಾನ್ ಬಿಟ್ಟು ಸಿ ಭಾಷೆಯಲ್ಲಿ ಬರೆಯುವ ಹುಮ್ಮಸ್ಸಿದ್ದರೆ ಅಳತೆ ನೋಡಿಕೊಳ್ಳಿ. ನಮ್ಮ ಸಂಖ್ಯೆ 67 ಬಿಟ್. 64 ಬಿಟ್ ಪೆಟ್ಟಿಗೆಯಲ್ಲಿ ಹಿಡಿಸದು. 128 ಬಿಟ್ ಪೆಟ್ಟಿಗೆ ತಂದರೂ ಸಾಲದು, ವರ್ಗಕ್ಕೆ 134 ಬಿಟ್ ಬೇಕು. ಆರು ಬಿಟ್‌ಗಾಗಿ ಇಡೀ ಲೆಕ್ಕ ಹಾಳು, ಅದೂ ಸದ್ದಿಲ್ಲದೆ. ಗುಣಾಕಾರವನ್ನು ಎರಡು ತುಂಡು ಮಾಡಬೇಕು. ಶೇಷ ತೆಗೆಯಲು ಮಾತ್ರ ಭಾಗಿಸಬೇಕಿಲ್ಲ: ಕೆಳಗಿನ 67 ಬಿಟ್ ಮತ್ತು ಮೇಲಿನ ಉಳಿದ ಬಿಟ್‌ಗಳನ್ನು ಕೂಡಿದರೆ ಆಯಿತು. ಘಾತ 5ರಲ್ಲಿ ನೋಡಿ. 194 ಬೈನರಿಯಲ್ಲಿ 11000010. ಕೆಳಗಿನ ಐದು ಬಿಟ್ 00010 ಅಂದರೆ 2, ಮೇಲಿನದು 110 ಅಂದರೆ 6, ಕೂಡಿದರೆ 8. ಸರಿ. ಮುಂದಿನದು 62, ಅಂದರೆ 111110. ಕೆಳಗೆ 30, ಮೇಲೆ 1, ಕೂಡಿದರೆ 31. ಬರಬೇಕಾದದ್ದು ಸೊನ್ನೆ, ಬಂದದ್ದು 31! ಈ ಮಡಿಸುವ ವಿಧಾನದಲ್ಲಿ ಸೊನ್ನೆ ಕೆಲವೊಮ್ಮೆ ಸಂಖ್ಯೆಯ ವೇಷದಲ್ಲೇ ಬರುತ್ತದೆ. ಕೊನೆಯಲ್ಲಿ ಎರಡನ್ನೂ ಪರೀಕ್ಷಿಸದಿದ್ದರೆ ಅವಿಭಾಜ್ಯಗಳೆಲ್ಲ ಸಂಯುಕ್ತವಾಗಿ ಹೋಗುತ್ತವೆ.

ಜರಡಿ ಕಟ್ಟುವುದು

ಕುರುಡಾಗಿ ಬೆಸ ಸಂಖ್ಯೆಗಳಿಂದೆಲ್ಲ ಭಾಗಿಸುತ್ತಾ ಹೋದರೆ ಮೊದಲ ಅಪವರ್ತನ ಸಿಗುವಷ್ಟರಲ್ಲಿ ಸುಮಾರು 9.69 ಕೋಟಿ ಭಾಗಾಕಾರ ಆಗಿರುತ್ತವೆ. ಅಷ್ಟು ಬೇಕಿಲ್ಲ. ನಮ್ಮ ಸಂಖ್ಯೆಯನ್ನು ಯಾವುದೋ ಅವಿಭಾಜ್ಯ ಭಾಗಿಸುತ್ತದೆ ಎಂದರೆ, ಅದರಿಂದ ಭಾಗಿಸಿದಾಗ 2⁶⁷ಕ್ಕೆ ಶೇಷ 1. ಘಾತ 67 ಸ್ವತಃ ಅವಿಭಾಜ್ಯ, ಹಾಗಾಗಿ 67ಕ್ಕಿಂತ ಚಿಕ್ಕ ಘಾತದಲ್ಲಿ ಶೇಷ 1 ಬರುವಂತಿಲ್ಲ; ಫರ್ಮಾನ ಪ್ರಮೇಯದ ಪ್ರಕಾರ ಭಾಜಕಕ್ಕಿಂತ ಒಂದು ಕಮ್ಮಿ ಇರುವ ಸಂಖ್ಯೆ 67ರ ಅಪವರ್ತ್ಯವಾಗಲೇಬೇಕು. ಭಾಜಕ ಬೆಸ, ಆದ್ದರಿಂದ ಅದು 134ರ ಅಪವರ್ತ್ಯ. ಅಂದರೆ ಭಾಜಕಗಳೆಲ್ಲ 134ಕ + 1 ಎಂಬ ಅಚ್ಚಿನಲ್ಲೇ ಎರಕ ಹೊಯ್ದಂಥವು; ಇಲ್ಲಿ ಕ ಎಂದರೆ 1, 2, 3 ಹೀಗೆ ಯಾವುದೋ ಪೂರ್ಣಾಂಕ.

ಇನ್ನೊಂದು ಜರಡಿ: 2⁶⁸ಕ್ಕೆ ಶೇಷ 2, ಅದು 2³⁴ರ ವರ್ಗ. 2 ಎಂಬುದು ಒಂದು ವರ್ಗದ ಶೇಷವಾಗಿ ಬರುವುದು ಭಾಜಕವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿದರೆ ಮಾತ್ರ. 134ಕ್ಕೆ 8ರಲ್ಲಿ ಶೇಷ 6. ಲೆಕ್ಕ ಹಾಕಿದರೆ ಕ 4ರ ಅಪವರ್ತ್ಯ, ಅಥವಾ ಅದಕ್ಕಿಂತ ಒಂದು ಜಾಸ್ತಿ. ಅಲ್ಲಿಗೆ ಅರ್ಧ ಹೋಯಿತು.

ಈ ‘4ರಲ್ಲಿ 0 ಅಥವಾ 1’ ನಿಯಮವನ್ನು ಹಾಗೇ ಬರೆದಿಟ್ಟು ಬೇರೆ ಘಾತಕ್ಕೆ ಬಳಸಬೇಡಿ. ಘಾತಕ್ಕೆ 4ರಲ್ಲಿ ಶೇಷ 3 ಇದ್ದಾಗ ಮಾತ್ರ ಅದು ಸರಿ. ಶೇಷ 1 ಇದ್ದರೆ ಕ 4ರಲ್ಲಿ 0 ಅಥವಾ 3 ಆಗಬೇಕು. 2¹¹ − 1 = 2047 = 23 × 89, ಇದರಲ್ಲಿ ಕ 1 ಮತ್ತು 4; ನಿಯಮ ಪಾಸು. 2²³ − 1 = 47 × 178481, ಕ 1 ಮತ್ತು 3880; ಮತ್ತೆ ಪಾಸು. ಇಲ್ಲಿಗೆ ಪರೀಕ್ಷೆ ನಿಲ್ಲಿಸಿದವರು ಕೆಟ್ಟರು. 2³⁷ − 1ರ ಚಿಕ್ಕ ಅಪವರ್ತನ 223, ಅಂದರೆ 74 × 3 + 1, ಕ ಬೆಲೆ 3. ಜರಡಿಯಿಂದ ಅದು ಜಾರಿಹೋಗುತ್ತದೆ, ಮುಂದಿನ ಅಪವರ್ತನ 616318177 ಮೊದಲು ಸಿಗುತ್ತದೆ. 2²⁹ − 1 = 233 × 1103 × 2089ರಲ್ಲೂ ನಡುವಿನ 1103 ಕಾಣೆ. ಆದ್ದರಿಂದ ಪರೀಕ್ಷಾ ಘಾತಗಳಾಗಿ 11, 23, 29, 37 ನಾಲ್ಕನ್ನೂ ಇಟ್ಟುಕೊಳ್ಳಿ. ಇಲ್ಲವೇ ಕ ಮೇಲೆ ನಿಯಮ ಹಾಕದೆ ಭಾಜಕವನ್ನೇ 8ರಿಂದ ಭಾಗಿಸಿ ನೋಡಿ. ತುಸು ನಿಧಾನ, ಆದರೆ ನೆಮ್ಮದಿ.

3, 5, 7, 11ರಿಂದ ಭಾಗವಾಗುವ ಭಾಜಕಗಳನ್ನೂ ಮೊದಲೇ ತೆಗೆಯಬಹುದು. ಕ ಬೆಲೆಗೆ 3ರಲ್ಲಿ ಶೇಷ 1, 5ರಲ್ಲಿ 1, 7ರಲ್ಲಿ 6, 11ರಲ್ಲಿ 5 ಬಂದರೆ ಬಿಟ್ಟುಬಿಡಿ. 4 × 3 × 5 × 7 × 11 = 4620; ಪ್ರತಿ 4620 ಕ ಬೆಲೆಗಳಲ್ಲಿ ಉಳಿಯುವುದು 960. ಮೊದಲ ಕೆಲವನ್ನು ಕೈಯಲ್ಲೇ ನೋಡಿದರೆ ಜರಡಿ ಎಷ್ಟು ಬಿಗಿ ಎಂದು ಗೊತ್ತಾಗುತ್ತದೆ: ಕ = 1ಕ್ಕೆ 135, 4ಕ್ಕೆ 537 = 3 × 179, 5ಕ್ಕೆ 671 = 11 × 61, 8ಕ್ಕೆ 1073 = 29 × 37, 9ಕ್ಕೆ 1207 = 17 × 71. ಎಲ್ಲ ಸಂಯುಕ್ತ, ಎಲ್ಲ ವ್ಯರ್ಥ. ಮೊದಲ ನಿಜವಾದ ಅಭ್ಯರ್ಥಿ ಕ = 12ರಲ್ಲಿ ಸಿಗುವ 1609.

ಒಂದು ಭಾಜಕವನ್ನು ಹತ್ತಿರದಿಂದ ನೋಡುವುದು

21 ಅಂಕಿಯ ಸಂಖ್ಯೆಯನ್ನು 1609ರಿಂದ ಭಾಗಿಸಬೇಕಾಗಿಲ್ಲ. 2⁶⁷ಕ್ಕೆ ಶೇಷ 1 ಬರುತ್ತದೆಯೇ ನೋಡಿದರೆ ಸಾಕು, ಅದಕ್ಕೆ ಆರು ವರ್ಗ, ಎರಡು ದ್ವಿಗುಣ. ಹೇಗೆಂದರೆ 67 ಬೈನರಿಯಲ್ಲಿ 1000011: ಘಾತ 1, 2, 4, 8, 16, ಆಮೇಲೆ 32ಕ್ಕೆ ಹೋಗಿ ದ್ವಿಗುಣ ಮಾಡಿ 33, ಆಮೇಲೆ 66ಕ್ಕೆ ಹೋಗಿ ದ್ವಿಗುಣ ಮಾಡಿ 67.

1609ಕ್ಕೆ: 2¹⁶ = 65536, ಶೇಷ 1176. ಅದರ ವರ್ಗ 1382976, ಶೇಷ 845. ಎರಡರಷ್ಟು 1690, ಶೇಷ 81. ಅದರ ವರ್ಗ 6561, ಶೇಷ 125. ಎರಡರಷ್ಟು 250. ಬೇಕಾದದ್ದು 1, ಆದ್ದರಿಂದ 1609 ಅಪವರ್ತನವಲ್ಲ. ಚಹಾ ಆರುವಷ್ಟರಲ್ಲಿ ಮುಗಿಯುವ ಲೆಕ್ಕ.

ಪೈಥಾನ್‌ನಲ್ಲಿ ಪೌ (pow) ಎಂಬ ಒಳಗಿನ ಫಂಕ್ಷನ್‌ಗೆ 2, 67, ಭಾಜಕ ಎಂಬ ಮೂರನ್ನೂ ಒಟ್ಟಿಗೆ ಕೊಟ್ಟರೆ ಇಷ್ಟನ್ನೂ ಅದೇ ಮಾಡುತ್ತದೆ. ಎರಡನ್ನೇ ಕೊಟ್ಟು ಆಮೇಲೆ ಶೇಷ ತೆಗೆದರೂ ಇಲ್ಲಿ ಉತ್ತರ ಸರಿಯೇ, 67 ಚಿಕ್ಕ ಘಾತ. ಆದರೆ ಅದೇ ಅಭ್ಯಾಸ ಮುಂದೆ ದೊಡ್ಡ ಘಾತಕ್ಕೆ ಬಂದಾಗ ಮೆಮೊರಿ ತಿಂದುಹಾಕುತ್ತದೆ.

4ರ ನಿಯಮ ಮಾತ್ರ ಹಾಕಿದರೆ 722790 ಭಾಜಕ, 11ರವರೆಗಿನ ಜರಡಿಯನ್ನೂ ಹಾಕಿದರೆ ಸುಮಾರು 3 ಲಕ್ಷ. ಕೆಲವು ಸೆಕೆಂಡಿನಲ್ಲಿ ಯಂತ್ರ ನಿಲ್ಲುತ್ತದೆ, ಕ = 1445580ರಲ್ಲಿ, ಭಾಜಕ 193707721. ಇದನ್ನೂ ಕೈಯಲ್ಲಿ ತಾಳೆ ನೋಡಬಹುದು:

2³² = 4294967296. 193707721ರ 22 ಪಟ್ಟು 4261569862, ಕಳೆದರೆ 33397434.
ಎರಡರಷ್ಟು: 66794868. ಇದು 2³³ರ ಶೇಷ.
ವರ್ಗ: 4461554391137424. ಭಾಗಲಬ್ಧ 23032403, ಶೇಷ 96853861.
ಎರಡರಷ್ಟು: 193707722. ಭಾಜಕಕ್ಕಿಂತ ಸರಿಯಾಗಿ ಒಂದು ಹೆಚ್ಚು.

ಆ ಕೊನೆಯ ಸಾಲು ನೋಡುವಾಗ ಸಿಗುವ ಖುಷಿಯೇ ಬೇರೆ. ಈ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ನಲ್ಲೋ ಸಾದಾ ಜಾವಾಸ್ಕ್ರಿಪ್ಟ್‌ನಲ್ಲೋ ಮಾಡಿದವರಿಗೂ ಸರಿ ಉತ್ತರವೇ ಬರಬಹುದು, ಅದು ಅದೃಷ್ಟ. ಅಲ್ಲಿ ಪೂರ್ಣಾಂಕ ನಿಖರವಾಗಿ ಉಳಿಯುವುದು 2⁵³, ಅಂದರೆ 9007199254740992ರವರೆಗೆ. ಭಾಜಕ 94906265 ದಾಟಿದ ಮೇಲೆ ಶೇಷದ ವರ್ಗ ಆ ಗಡಿ ಮೀರಬಹುದು, ನಮ್ಮ ಭಾಜಕ ಅದರ ಎರಡರಷ್ಟಿದೆ. ಇಲ್ಲಿ ಬಂದ ಶೇಷ 66794868 ಸಣ್ಣದಿತ್ತು, ವರ್ಗ ಗಡಿಯೊಳಗೇ ಉಳಿಯಿತು. ಶೇಷ ಹತ್ತೊಂಬತ್ತು ಕೋಟಿಯ ಹತ್ತಿರ ಬಂದಿದ್ದರೆ ಯಂತ್ರ ನಿಜವಾದ ಅಪವರ್ತನವನ್ನು ದಾಟಿ ಮುಂದೆ ಹೋಗುತ್ತಿತ್ತು, ಗೊತ್ತೂ ಆಗುತ್ತಿರಲಿಲ್ಲ. ಸಿ ಭಾಷೆಯಲ್ಲಿ 32 ಬಿಟ್ ಪೆಟ್ಟಿಗೆ ಬಳಸಿದರಂತೂ ತಪ್ಪು ಖಾತ್ರಿ. 64 ಬಿಟ್ ಇದ್ದರೆ ಈ ಭಾಜಕದವರೆಗೆ ಸಲೀಸು.

ಅಡ್ಡದಾರಿ: ಪೊಲಾರ್ಡ್‌ನ ವಿಧಾನ

ಜಾನ್ ಪೊಲಾರ್ಡ್ 1974ರಲ್ಲಿ ಕೊಟ್ಟ ವಿಧಾನ ಈ ಸಂಖ್ಯೆಗೆ ಹೇಳಿ ಮಾಡಿಸಿದ ಹಾಗಿದೆ. ಭಾಜಕದಿಂದ ಒಂದು ಕಳೆದದ್ದು ಚಿಕ್ಕ ಚಿಕ್ಕ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ, ಅವೆಲ್ಲವನ್ನೂ ಒಳಗೊಂಡ ದೊಡ್ಡ ಘಾತಕ್ಕೆ ಯಾವುದೋ ಆಧಾರವನ್ನು ಏರಿಸಿ, 1 ಕಳೆದು, ನಮ್ಮ ಸಂಖ್ಯೆಯ ಜೊತೆ ಮ.ಸಾ.ಅ. ತೆಗೆದರೆ ಭಾಜಕ ಉದುರುತ್ತದೆ. ನಮ್ಮದರಲ್ಲಿ 193707720 = 2³ × 3³ × 5 × 67 × 2677. ದೊಡ್ಡದು 2677 ಅಷ್ಟೇ.

ಗಡಿ 3000 ಇಟ್ಟುಕೊಳ್ಳಿ. ಅದರೊಳಗೆ 430 ಅವಿಭಾಜ್ಯಗಳಿವೆ. ಪ್ರತಿಯೊಂದಕ್ಕೂ ಗಡಿ ಮೀರದ ಅತಿ ದೊಡ್ಡ ಘಾತ ತೆಗೆದುಕೊಳ್ಳಬೇಕು: 2¹¹ = 2048, 3⁷ = 2187, 5⁴ = 625, 7⁴ = 2401, 11³ = 1331, 13³ = 2197; 17ರಿಂದ 53ರವರೆಗೆ ವರ್ಗ; 59ರಿಂದ ಮುಂದೆ ಒಂದೊಂದು ಸಲ. ಬರೀ ಒಂದೊಂದು ಸಲ ಎಲ್ಲವನ್ನೂ ಹಾಕಿದರೆ ಆ 2³ ಮತ್ತು 3³ ಪೂರ್ತಿ ಒಳಗೆ ಬರುವುದಿಲ್ಲ, ಭಾಜಕ ಕೈತಪ್ಪಬಹುದು.

ಆಧಾರ 2 ಬೇಡವೇ ಬೇಡ. ಪುಸ್ತಕದ ಉದಾಹರಣೆಗಳಲ್ಲಿ 2 ಇರುತ್ತದೆ, ಅದನ್ನೇ ಇಲ್ಲಿ ಹಾಕಿದರೆ ಮ.ಸಾ.ಅ. ಇಡೀ 147573952589676412927 ಆಗಿ ಬರುತ್ತದೆ, ಪ್ರೋಗ್ರಾಮ್ ಕೆಟ್ಟಿದೆ ಎನಿಸುತ್ತದೆ. ಕೆಟ್ಟಿಲ್ಲ. ನಮ್ಮ ಘಾತದೊಳಗೆ 67 ಇದೆ, 2⁶⁷ಕ್ಕೆ ನಮ್ಮ ಸಂಖ್ಯೆಯಲ್ಲಿ ಶೇಷ 1, ಹಾಗಾಗಿ 1 ಕಳೆದರೆ ಸೊನ್ನೆ. ಸೊನ್ನೆಯ ಜೊತೆ ಮ.ಸಾ.ಅ. ತೆಗೆದರೆ ಸಂಖ್ಯೆಯೇ ವಾಪಸು. ಆಧಾರ 3 ಇಡಿ.

ಇನ್ನೊಂದು ಅಪವರ್ತನವೂ ಇದೇ ಗಾಳಕ್ಕೆ ಸಿಕ್ಕಿಬಿದ್ದು ಎರಡೂ ಒಟ್ಟಿಗೆ ಬಂದರೆ? 761838257286 = 2 × 3² × 29 × 67 × 21782989. ಕೊನೆಯದನ್ನು ಪೂರ್ತಿ ಒಡೆಯುವ ಗೋಜು ಬೇಡ. ಅದಕ್ಕೆ 277ರವರೆಗೆ ಯಾವ ಅವಿಭಾಜ್ಯವೂ ತಾಗುವುದಿಲ್ಲ, ಅದರ ಘನಮೂಲ 280ರ ಒಳಗೆ. ಹಾಗಾಗಿ ಅದರಲ್ಲಿ ಹೆಚ್ಚೆಂದರೆ ಎರಡು ಅವಿಭಾಜ್ಯ, ಅವುಗಳಲ್ಲಿ ದೊಡ್ಡದು ವರ್ಗಮೂಲಕ್ಕಿಂತ, ಅಂದರೆ 4667ಕ್ಕಿಂತ ದೊಡ್ಡದೇ. 3000ದ ಗಡಿ ಅಲ್ಲಿಗೆ ಮುಟ್ಟುವುದಿಲ್ಲ. ಅಕಸ್ಮಾತ್ ಇಡೀ ಸಂಖ್ಯೆ ವಾಪಸು ಬಂದರೆ ಆಧಾರ 5 ಮಾಡಿ ನೋಡುವುದು.

ಚೂರುಗಳು ಇನ್ನು ಒಡೆಯವೇ?

ಜರಡಿಯಿಂದ ಕೆಳಗಿನಿಂದ ಮೇಲಕ್ಕೆ ಬಂದಿದ್ದರೆ ಇದಕ್ಕೆ ಬೇರೆ ಕೆಲಸವಿಲ್ಲ. ಮೊದಲು ಸಿಕ್ಕದ್ದು ಅವಿಭಾಜ್ಯವೇ. ಉಳಿದ 761838257287ಕ್ಕೆ ಏನಾದರೂ ಅಪವರ್ತನ ಇದ್ದರೆ ಅದರ ವರ್ಗಮೂಲದೊಳಗೆ, 872833ರೊಳಗೆ ಇರಬೇಕು. 19 ಕೋಟಿಯವರೆಗೆ ಏನೂ ಇಲ್ಲ ಎಂದು ಜರಡಿ ಆಗಲೇ ಹೇಳಿದೆ.

ಪೊಲಾರ್ಡ್ ದಾರಿಯಲ್ಲಿ ಬಂದವರು ಮಾತ್ರ ಬೇರೆಯಾಗಿ ನೋಡಬೇಕು. ಆದರೆ ಚೂರಿನ ಚೂರೂ 134ಕ + 1 ಅಚ್ಚಿನದ್ದೇ. 193707721ರ ವರ್ಗಮೂಲ 13917 ಮತ್ತು ಚಿಲ್ಲರೆ, ಕ 103ರವರೆಗೆ, 4ರ ನಿಯಮ ಹಾಕಿದರೆ 51 ಭಾಗಾಕಾರ. ಒಂದು ಸಂಜೆ ಕೂತರೆ ಕ್ಯಾಲ್ಕುಲೇಟರ್‌ನಲ್ಲೇ ಮುಗಿಯುತ್ತದೆ. ದೊಡ್ಡದಕ್ಕೆ ಕ 6513ರವರೆಗೆ, 3257 ಭಾಗಾಕಾರ. ಅದನ್ನು ಯಂತ್ರಕ್ಕೆ ಬಿಡಿ.

ಇದರಿಂದ ಇನ್ನೊಂದು ಪಟ್ಟಿಯೂ ಸರಿಯಾಗುತ್ತದೆ, ಪರಿಪೂರ್ಣ ಸಂಖ್ಯೆಗಳದ್ದು, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವ ಸಂಖ್ಯೆಗಳದ್ದು. 2⁶⁷ − 1 ಅವಿಭಾಜ್ಯವಾಗಿದ್ದರೆ 2⁶⁶ × (2⁶⁷ − 1) ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಅದಕ್ಕೆ 2⁶⁷ − 1ರ ಭಾಜಕಗಳ ಮೊತ್ತ ಸರಿಯಾಗಿ 2⁶⁷ ಇರಬೇಕಿತ್ತು. ಈಗ ಭಾಜಕಗಳು ನಾಲ್ಕು, ಮೊತ್ತ 2⁶⁷ಕ್ಕಿಂತ 762031965008 ಹೆಚ್ಚು. ಪಟ್ಟಿಯಿಂದ ಹೊರಗೆ.

ಕಾಗದದ ಮೇಲೆ ಮರುಜೋಡಣೆ

193707721 × 761838257287. ಅಂಕಿ ಅಂಕಿಯಾಗಿ ಗುಣಿಸಿದರೆ 9 ಸಾಲು, ದಶಕ ಒಯ್ಯುವಾಗ ಎಲ್ಲೋ ತಪ್ಪಿಯೇ ತಪ್ಪುತ್ತದೆ. ಚಿಕ್ಕದನ್ನು ಮೂರು ಮೂರು ಅಂಕಿಯಾಗಿ ಒಡೆಯಿರಿ: 193, 707, 721. ಈಗ ಗಮನಿಸಿ: 707 ಅಂದರೆ 700 + 7; 721 ಅಂದರೆ 700 + 21; 193 ಅಂದರೆ 200 − 7. ಮೂರೂ ಏಳರ ಸುತ್ತಲೇ ತಿರುಗುತ್ತವೆ. ದೊಡ್ಡದರ ಏಳರಷ್ಟನ್ನು ಒಂದು ಸಲ ಸರಿಯಾಗಿ ಮಾಡಿಕೊಂಡರೆ ಉಳಿದದ್ದು ಕೂಡುವುದು, ಕಳೆಯುವುದು, ಒಂದು ಮೂರರ ಮಗ್ಗಿ, ಒಂದು ಎರಡರ ಮಗ್ಗಿ.

7 ಪಟ್ಟು: 5332867801009
700 ಪಟ್ಟು: 533286780100900
21 ಪಟ್ಟು: 15998603403027
200 ಪಟ್ಟು: 152367651457400

ಇವುಗಳಿಂದ:

721 ಪಟ್ಟು: 549285383503927
707 ಪಟ್ಟು: 538619647901909
193 ಪಟ್ಟು: 147034783656391

ಚೌಕುಳಿ ಹಾಳೆಯಲ್ಲಿ 721ರ ಸಾಲನ್ನು ಬಲಕ್ಕೆ ಒತ್ತಿ ಬರೆಯಿರಿ, 707ರ ಸಾಲನ್ನು ಮೂರು ಮನೆ ಎಡಕ್ಕೆ, 193ರದ್ದನ್ನು ಆರು ಮನೆ ಎಡಕ್ಕೆ. ಎಡಕ್ಕೆ ಸರಿಸಿದ ಎರಡು ಸಾಲು, ಅಂದರೆ 193 ಮತ್ತು 707ರವು, ಕೂಡಿದರೆ 147573403304292909000. ಅದಕ್ಕೆ 549285383503927 ಸೇರಿಸಿದರೆ 147573952589676412927.

ತಾಳೆ ನೋಡಲು ಒಂಬತ್ತು ಕಳೆಯುವ ಹಳೆಯ ಪದ್ಧತಿ ಸಾಲದು. ಅಂಕಿಗಳ ಮೊತ್ತ ಚಿಕ್ಕದರಲ್ಲಿ 37, ದೊಡ್ಡದರಲ್ಲಿ 64, ಗುಣಲಬ್ಧದಲ್ಲಿ 109; ಮೂರೂ ಕೊನೆಗೆ 1ಕ್ಕೆ ಇಳಿಯುತ್ತವೆ, 1 × 1 = 1, ಸರಿ. ಆದರೆ ಸಾಲನ್ನು ಮೂರು ಮನೆ ತಪ್ಪಾಗಿ ಸರಿಸಿದರೂ, ನಕಲು ಮಾಡುವಾಗ ಪಕ್ಕದ ಎರಡು ಅಂಕಿ ಅದಲುಬದಲಾದರೂ ಈ ತಾಳೆಗೆ ಗೊತ್ತೇ ಆಗುವುದಿಲ್ಲ. ಹನ್ನೊಂದರ ತಾಳೆಯನ್ನೂ ಹಾಕಿ: ಬಲದಿಂದ ಶುರುಮಾಡಿ ಅಂಕಿಗಳನ್ನು ಒಂದು ಕೂಡುತ್ತಾ ಒಂದು ಕಳೆಯುತ್ತಾ ಹೋಗುವುದು. ಚಿಕ್ಕದರಲ್ಲಿ −13, ಅಂದರೆ 9. ದೊಡ್ಡದರಲ್ಲಿ 8. 9 × 8 = 72, ಶೇಷ 6. ಗುಣಲಬ್ಧದಲ್ಲಿ 17, ಶೇಷ 6. ಕೂತಿತು.

ದೊಡ್ಡದನ್ನು ಕೈತಪ್ಪಿ 761838275287 ಎಂದು ಬರೆದುಕೊಂಡಿದ್ದರೆ, 57ರ ಜಾಗದಲ್ಲಿ 75, ಅಂಕಿಗಳ ಮೊತ್ತ ಆಗಲೂ 64, ಒಂಬತ್ತರ ತಾಳೆ ತೆಪ್ಪಗಿರುತ್ತದೆ. ಹನ್ನೊಂದರಲ್ಲಿ 8ರ ಬದಲು 12 ಬಂದು ಶೇಷ 1 ಆಗುತ್ತದೆ: 9 × 1 = 9, ಗುಣಲಬ್ಧ ಹೇಳುವುದು 6.